ಮಹಾಪ್ರಬಂಧಗಳಲ್ಲಿ ಅಡಿಬರಹದ ಸಾಲಂತರ: ಒಂದು ವಿವೇಚನೆ

ಈ ಸ್ಮರಣ ಸಂಚಿಕೆಗೆ ಭಾಷಾವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯುವುದು ನನಗೆ ಸುಲಭವಾಗಿತ್ತು. ಆದರೆ ನಮ್ಮ ಶಾಲೆಯಲ್ಲಿ ಓದಿ ಮುಂದೆ ಸಂಶೋಧನೆಗೆ ತೊಡಗಿದ ಶಿಷ್ಯರು ಈಚಿನ ವರ್ಷಗಳಲ್ಲಿ ತಮ್ಮ ಮಹಾಪ್ರಬಂಧಗಳ ಕರಡನ್ನು ತಿದ್ದಿಸಿಕೊಳ್ಳಲು ನನ್ನಲ್ಲಿಗೆ ತರುತ್ತಿರುತ್ತಾರೆ. ಆ ಕರಡುಗಳಲ್ಲಿ ಕಾಗುಣಿತದ ತಪ್ಪುಗಳಿಗಿಂತಲೂ ಹೆಚ್ಚಾಗಿ ನನ್ನ ಕಣ್ಣಿಗೆ ಬೀಳುವ ದೋಷವೊಂದಿದೆ. ಚಿತ್ರ ಮತ್ತು ಕೋಷ್ಟಕಗಳ ಅಡಿಬರಹದಲ್ಲಿ ಸಾಲುಸಾಲುಗಳ ನಡುವಣ ಅಂತರವು ಹದ ತಪ್ಪಿರುವುದೇ ಆ ದೋಷ. ವಿಷಯವು ಅತ್ಯಲ್ಪವೆಂದು ಹಲವರಿಗೆ ತೋರಬಹುದು. ಹಾಗಲ್ಲವೆಂಬುದನ್ನು ನಾನು ನನ್ನ ಸ್ವಂತ ಪ್ರಬಂಧದಿಂದಲೇ ಕಲಿತೆನು.

ಅದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ದೇವಾಲಯಗಳ ವಾಸ್ತುಪರಿಭಾಷೆಯನ್ನು ಕುರಿತ ಆ ಪ್ರಬಂಧದಲ್ಲಿ ಲಕ್ಕುಂಡಿಯ ದೇಗುಲದ ಛಾಯಾಚಿತ್ರವೊಂದಿತ್ತು. ಅದರ ಕೆಳಗೆ ಮೂರು ಸಾಲುಗಳ ಅಡಿಬರಹ. ಪುಟಗಳು ಹೆಚ್ಚಿದರೆ ವೆಚ್ಚವೂ ಹೆಚ್ಚೀತೆಂಬ ಭಯದಿಂದ, ಅಡಿಬರಹದ ಸಾಲುಗಳನ್ನು ಆದಷ್ಟು ಬಿಗಿಯಾಗಿ ಕೂಡಿಸುವಂತೆ ಬೆರಳಚ್ಚುಗಾರರಿಗೆ ನಾನೇ ಹೇಳಿದ್ದೆನು. ‘ಬಾಗಿಲವಾಡದ ಬಳ್ಳಿಯ ಕೆತ್ತನೆ’ ಎಂಬಲ್ಲಿ ಳಕಾರದ ಒತ್ತು ಕೆಳಸಾಲಿನ ಗುಡಿಸಿಗೆ ತಗುಲಿ, ಜೆರಾಕ್ಸ್ ಪ್ರತಿಯಲ್ಲಿ ಬರಿಯ ಮಸಿಯ ಕಲೆಯಾಯಿತು. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು, “ಬಾಗಿಲವಾಡದ ಬಳಿಯ ಕೆತ್ತನೆ ಎಂದು ಬರೆದಿದ್ದೀರಿ, ಕೆತ್ತನೆ ಬಾಗಿಲವಾಡದ ಮೇಲೆಯೇ ಇದೆಯಲ್ಲ?” ಎಂದು ಕೇಳಿದರು. ಮೂಲಪ್ರತಿಯನ್ನು ತಿದ್ದಿದ್ದ ನಾನು ಜೆರಾಕ್ಸ್ ಪ್ರತಿಯನ್ನು ತೆರೆದು ನೋಡಿರಲಿಲ್ಲ. ಬಳ್ಳಿಯು ಬಳಿಯಾಗಿತ್ತು. ವಾಕ್ಯದ ವ್ಯಾಕರಣ ಕೆಟ್ಟಿರಲಿಲ್ಲ, ಅರ್ಥ ಕೆಟ್ಟಿತ್ತು. ಹನ್ನೆರಡು ವರ್ಷ ವ್ಯಾಕರಣವನ್ನು ಪಾಠ ಹೇಳಿದವನು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಶಾಬ್ದಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಪದಗಳನ್ನು ವಿಳಂಬವಿಲ್ಲದೆ ಉಚ್ಚರಿಸುವುದೇ ಸನ್ನಿಧಿ. ಒಂದು ಪದವನ್ನು ಈಗ ನುಡಿದು ಮತ್ತೊಂದನ್ನು ಜಾವದ ಬಳಿಕ ನುಡಿದರೆ ವಾಕ್ಯಾರ್ಥವು ಹುಟ್ಟದು. ಕಿವಿಗೆ ಕಾಲದ ಸಾಮೀಪ್ಯವು ಹೇಗೋ, ಅಚ್ಚಿನ ಪುಟವನ್ನು ನೋಡುವ ಕಣ್ಣಿಗೆ ಸ್ಥಳದ ಸಾಮೀಪ್ಯವು ಹಾಗೆ. ಯಾವುದು ಯಾವುದಕ್ಕೆ ಸೇರಿದ್ದೆಂಬುದನ್ನು ಓದುಗನು ತೆರಪಿನಿಂದಲೇ ಅರಿಯುತ್ತಾನೆ. ಅಡಿಬರಹದ ಸಾಲುಗಳು ದೂರದೂರ ನಿಂತರೆ ಅವು ಪ್ರಬಂಧದ ಒಡಲಿನೊಳಕ್ಕೆ ಜಾರುತ್ತವೆ. ತೀರ ಒತ್ತಿದರೆ ಒಂದರ ಮೇಲೊಂದು ಬಿದ್ದು ಅರ್ಥವನ್ನು ಕೆಡಿಸುತ್ತವೆ. ಇವೆರಡರ ನಡುವಣ ಹದವನ್ನು ಕಾಣುವುದೇ ಇಲ್ಲಿಯ ಕಾರ್ಯ.

ಸಾಲಂತರದ ಈ ಲೆಕ್ಕ ಬಂದುದು ಸೀಸದ ಮೊಳೆಗಳ ಕಾಲದಿಂದ. ಅಚ್ಚುಮೊಳೆಗಳ ಸಾಲುಗಳ ನಡುವೆ ಸೀಸದ ತೆಳುಪಟ್ಟಿಯನ್ನಿಟ್ಟು ಅಂತರ ಕಲ್ಪಿಸುತ್ತಿದ್ದರು; ಸಾಲಂತರಕ್ಕೆ ಇಂಗ್ಲಿಷಿನಲ್ಲಿ ‘ಲೆಡ್ಡಿಂಗ್’ ಎಂಬ ಹೆಸರು ಉಳಿದುದು ಅದರಿಂದಲೇ. ಅಳತೆಯ ಮಾನ ಪಾಯಿಂಟು. ಒಂದು ಅಂಗುಲಕ್ಕೆ ಸುಮಾರು 72 ಪಾಯಿಂಟುಗಳು. ಪ್ರಬಂಧದ ಒಡಲಿಗೆ ಇಮ್ಮಡಿ ಅಂತರವಿರಬೇಕೆಂಬ ವಾಡಿಕೆಯು ಟೈಪ್‌ರೈಟರಿನ ಕಾಲದ್ದು. ಸಾಲುಗಳ ನಡುವೆ ತಿದ್ದುಪಡಿಯನ್ನು ಬರೆಯಲು ಎಡೆ ಬೇಕಾಗಿತ್ತು. ಅಡಿಬರಹಕ್ಕೆ ಆ ಪ್ರಯೋಜನವಿಲ್ಲ. ಅದನ್ನು ಚಿತ್ರದೊಡನೆ ಒಂದೇ ನೋಟದಲ್ಲಿ ಗ್ರಹಿಸಬೇಕು. ಆದಕಾರಣ ಒಡಲು ಇಮ್ಮಡಿಯಾಗಿದ್ದರೂ ಅಡಿಬರಹವು ಒಮ್ಮಡಿಯಾಗಿರುವುದೇ ಯುಕ್ತ. ಯಾವುದೇ ವಿಶ್ವವಿದ್ಯಾಲಯವು ಬೇರೆ ನಿಯಮವನ್ನು ವಿಧಿಸಿದ್ದರೆ ಅದೇ ಪ್ರಮಾಣ.

ಆದರೆ ಒಮ್ಮಡಿ ಎಂದರೆ ಎಷ್ಟು? ಇಂಗ್ಲಿಷ್ ಲಿಪಿಯ ಒಮ್ಮಡಿಯು ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಏತ್ವಗಳಿವೆ. ಕೆಳಗೆ ಒತ್ತು, ಐತ್ವದ ಸುರುಳಿ, ವಟ್ರಸುಳಿಗಳಿವೆ. ‘ರಾಷ್ಟ್ರ’ ಎಂಬ ಪದದಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತುಗಳು ಸೇರಿವೆ. ಇವುಗಳಿಗೆ ನೆಲೆ ಕೊಡಬೇಕಾದರೆ ಒಮ್ಮಡಿಗಿಂತ ಕಾಲು ಭಾಗದಷ್ಟು ಹೆಚ್ಚಿನ ಅಂತರವು ಬೇಕೆಂಬುದು ನನ್ನ ಅನುಭವ. ಅಚ್ಚಿನ ಅಕ್ಷರಮಾದರಿಗೆ ತಕ್ಕಂತೆ ಇದರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾಗಬಹುದು.

ಇನ್ನು ಸಾಧನಗಳ ವಿಚಾರ. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರು 1977ರಲ್ಲಿ ತಮ್ಮ ಗ್ರಂಥವೊಂದರ ಕರಡಚ್ಚನ್ನು ನೋಡಿ, ಅದರ ಅಂದಗೇಡಿತನಕ್ಕೆ ಬೇಸತ್ತು, ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ತಾವೇ ನಿರ್ಮಿಸಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು ಕಟ್ಟಿದ ಲೇಟೆಕ್ ಇಂದು ಸಂಶೋಧಕರಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಇದರಲ್ಲಿ ಹಲವರು ಮಾಡುವ ತಪ್ಪೆಂದರೆ, ಲೈನ್‌ಸ್ಪ್ರೆಡ್ ಎಂಬ ಆಜ್ಞೆಯಿಂದ ಇಡೀ ಪ್ರಬಂಧದ ಸಾಲುಗಳನ್ನು ಒಮ್ಮೆಗೇ ಹಿಗ್ಗಿಸುವುದು. ಆಗ ಅಡಿಬರಹವೂ ಅಡಿಟಿಪ್ಪಣಿಯೂ ಕೂಡಿ ಹಿಗ್ಗುತ್ತವೆ. ಅದಕ್ಕೆ ಬದಲಾಗಿ ಸೆಟ್‌ಸ್ಪೇಸ್ ಎಂಬ ಪೊಟ್ಟಣವನ್ನು ಬಳಸಿದರೆ ಒಡಲು ಮಾತ್ರ ಇಮ್ಮಡಿಯಾಗಿ, ಚಿತ್ರ, ಕೋಷ್ಟಕ, ಅಡಿಟಿಪ್ಪಣಿಗಳು ತಾವಾಗಿಯೇ ಒಮ್ಮಡಿಯಲ್ಲಿ ನಿಲ್ಲುತ್ತವೆ. ಬಳಿಕ ಕ್ಯಾಪ್ಷನ್ ಎಂಬ ಇನ್ನೊಂದು ಪೊಟ್ಟಣದಲ್ಲಿ ಅಕ್ಷರದ ಆಯ್ಕೆಯೊಡನೆ ‘ಸ್ಟ್ರೆಚ್’ ಎಂಬ ಗುಣಕವನ್ನು ಕೊಟ್ಟು ಅಡಿಬರಹವನ್ನಷ್ಟೇ ಸರಿಪಡಿಸಬಹುದು. ಉದಾಹರಣೆಗೆ, ಒಡಲಿನ ಅಕ್ಷರವು 12 ಪಾಯಿಂಟಿನದಾಗಿದ್ದು ಅಡಿಬರಹಕ್ಕೆ ಒಂದು ಹಂತ ಕಿರಿದಾದ ಅಕ್ಷರವನ್ನು ಆರಿಸಿದರೆ, ಅದು ಸುಮಾರು 11 ಪಾಯಿಂಟಿನದು. ಅದರ ಸಹಜ ಸಾಲಂತರ 13.6 ಪಾಯಿಂಟು. 1.25ರಿಂದ ಗುಣಿಸಿದರೆ 17 ಪಾಯಿಂಟಾಗಿ ಕನ್ನಡದ ಒತ್ತಕ್ಷರಗಳಿಗೆ ಉಸಿರಾಡಲು ಎಡೆ ದೊರೆಯುತ್ತದೆ.

ಮೈಕ್ರೋಸಾಫ್ಟ್ ವರ್ಡಿನಲ್ಲಿ ಬರೆಯುವವರು ಒಂದೊಂದು ಅಡಿಬರಹವನ್ನೂ ಬೇರೆಬೇರೆಯಾಗಿ ತಿದ್ದುವ ಶ್ರಮವನ್ನು ಪಡಬಾರದು. ‘ಕ್ಯಾಪ್ಷನ್’ ಎಂಬ ಶೈಲಿಯನ್ನು ಒಮ್ಮೆ ತಿದ್ದಿದರೆ ಆ ಶೈಲಿಯಲ್ಲಿರುವ ಎಲ್ಲವೂ ಸರಿಯಾಗುತ್ತವೆ. ಅಲ್ಲಿ ಸಾಲಂತರಕ್ಕೆ ‘ಎಕ್ಸಾಕ್ಟ್ಲಿ’ ಎಂಬುದನ್ನು ಆರಿಸುವುದು ಅಪಾಯಕರ. ಅಕ್ಷರಕ್ಕೆ ಎಷ್ಟು ಎಡೆ ಬೇಕೆಂಬುದನ್ನು ನೋಡದೆ ಅದು ಹೇಳಿದ ಅಳತೆಗೇ ಅಂಟಿಕೊಳ್ಳುತ್ತದೆ. ನನ್ನ ಬಳ್ಳಿಯನ್ನು ಕೊಂದದ್ದು ಇದೇ. ‘ಅಟ್ ಲೀಸ್ಟ್’ ಅಥವಾ ‘ಮಲ್ಟಿಪಲ್’ ಎಂಬುದು ಕ್ಷೇಮ.

ಸಾಲುಗಳ ಅಂತರದೊಡನೆ ಇನ್ನೆರಡು ಅಂತರಗಳನ್ನೂ ಗಮನಿಸಬೇಕು. ಮೊದಲನೆಯದು ಚಿತ್ರಕ್ಕೂ ಅಡಿಬರಹಕ್ಕೂ ಇರುವುದು. ಎರಡನೆಯದು ಇವೆರಡಕ್ಕೂ ಪ್ರಬಂಧದ ಒಡಲಿಗೂ ಇರುವುದು. ಸಾಲಿನಿಂದ ಸಾಲಿಗೆ ಇರುವ ತೆರಪು ಎಲ್ಲಕ್ಕಿಂತ ಕಿರಿದು, ಚಿತ್ರದಿಂದ ಅಡಿಬರಹಕ್ಕೆ ಇರುವುದು ಅದಕ್ಕಿಂತ ಹಿರಿದು, ಒಡಲಿನಿಂದ ಇರುವುದು ಎಲ್ಲಕ್ಕಿಂತ ಹಿರಿದು. ಈ ಕ್ರಮ ತಪ್ಪದಿದ್ದರೆ ಸನ್ನಿಧಿಯೂ ತಪ್ಪದು. ಕೋಷ್ಟಕಗಳಿಗೆ ವಿವರವನ್ನು ಮೇಲುಗಡೆ ಬರೆಯುವುದು ರೂಢಿ. ಲೇಟೆಕ್ಕಿನ ಸಾಮಾನ್ಯ ವ್ಯವಸ್ಥೆಯಲ್ಲಿ ಈ ಬರಹದ ಮೇಲೆ 10 ಪಾಯಿಂಟು ತೆರಪಿದ್ದು ಕೆಳಗೆ ಸೊನ್ನೆಯಿರುವುದರಿಂದ, ಮೇಲಿಟ್ಟ ಬರಹವು ಕೋಷ್ಟಕದ ಗೆರೆಗೆ ಅಂಟಿಕೊಳ್ಳುತ್ತದೆ. ಕೋಷ್ಟಕಗಳಿಗೆ ಈ ತೆರಪನ್ನು ಕೆಳಗಡೆಗೆ ತಿರುಗಿಸಬೇಕು.

ಹಿಂದೆ ಮಹಾಪ್ರಬಂಧವೆಂದರೆ ಗ್ರಂಥಾಲಯದ ಕಪಾಟಿನಲ್ಲಿ ಧೂಳು ಹಿಡಿಯುವ ನಾಲ್ಕಾರು ಪ್ರತಿಗಳು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯ ಬಳಿಕ ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ಶೋಧಗಂಗೆಯ ಭಂಡಾರವನ್ನು ಸೇರುತ್ತಿವೆ. ದೂರದ ಊರಿನ ಅಪರಿಚಿತ ವಿದ್ಯಾರ್ಥಿಯೂ ಅವನ್ನು ತೆರೆದು ಓದಬಹುದು. ‘ನಾನು ಬರೆದುದು ಬಳ್ಳಿ’ ಎಂದು ಅವನಿಗೆ ಹೇಳಲು ಲೇಖಕನು ಅಲ್ಲಿರುವುದಿಲ್ಲ. ನನ್ನ ಪ್ರಬಂಧದ ಆ ಪುಟವನ್ನು ಪರೀಕ್ಷಕರ ಅಪ್ಪಣೆಯಂತೆ ತಿದ್ದಿ ಮರಳಿ ಕಟ್ಟಿಸಿದೆನು. ಕೆಟ್ಟ ಹಾಳೆಯನ್ನು ಇಂದಿಗೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಕರಡು ಹಿಡಿದು ಬರುವ ಶಿಷ್ಯರಿಗೆ ಮೊದಲು ತೋರಿಸುವುದು ಅದನ್ನೇ. ಪ್ರಬಂಧವನ್ನು ಒಪ್ಪಿಸುವ ಮುನ್ನ ಅಡಿಬರಹಗಳುಳ್ಳ ಪುಟಗಳನ್ನಷ್ಟೇ ಅಚ್ಚು ಮಾಡಿಸಿ, ಒಂದೊಂದು ಒತ್ತನ್ನೂ ಬೆರಳಿಟ್ಟು ನೋಡಿರೆಂಬುದು ಅವರಲ್ಲಿ ನನ್ನ ಅರಿಕೆ.