ಉಬ್ಬುಹಲಗೆಯ ಕದ

ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆದು ತೋರಿಸುವುದು ಯಾವ ಭೂಗೋಳಜ್ಞನಿಗೂ ಸುಲಭವಲ್ಲ. ಆದರೆ ಕಡೂರು, ಅಜ್ಜಂಪುರ, ತರೀಕೆರೆಗಳ ನಡುವೆ ಓಡಾಡುವವರಿಗೆ ಆ ಗೆರೆಯ ಅನುಭವವು ಮೈಗೇ ಆಗುತ್ತದೆ. ಕಡೂರಿನ ಸುತ್ತ ಮಳೆಗಾಗಿ ಮುಗಿಲು ನೋಡುವ, ತೆಂಗಿನ ತೋಟಗಳಿಂದ ಅಲ್ಲಲ್ಲಿ ಹಸುರಾದ ಬಯಲು. ಬೀರೂರಿನಿಂದ ಉತ್ತರಕ್ಕೆ ಸರಿದು ಅಜ್ಜಂಪುರವನ್ನು ಮುಟ್ಟಿದರೆ ಅಮೃತಮಹಲ್ ದನಗಳಿಗೆ ಹೆಸರಾದ ಕಾವಲು, ಎರೆಯ ಹೊಲ. ಪಶ್ಚಿಮಕ್ಕೆ ತಿರುಗಿ ತರೀಕೆರೆಯನ್ನು ಸೇರಿದರೆ ಅಡಕೆಯ ತೋಟ, ಅದರ ಹಿಂದೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಭದ್ರೆಯ ಇಕ್ಕೆಲದಲ್ಲಿ ಲಕ್ಕವಳ್ಳಿಯ ಕಾಡು. ಇಂದು ಚಿಕ್ಕಮಗಳೂರು ಎನಿಸಿಕೊಂಡಿರುವ ಜಿಲ್ಲೆಗೆ 1947ರವರೆಗೆ ಕಡೂರಿನ ಹೆಸರೇ ಇದ್ದಿತು. ಬೆಟ್ಟದ ತಪ್ಪಲಿನ ತೇವದಲ್ಲಿ ಬೆಳೆದ ತೇಗ, ನಂದಿ, ಹೊನ್ನೆ, ಮತ್ತಿಯ ಮರಗಳು ಬಯಲಿನ ಬೇಸಗೆಯ ಒಣಗಾಳಿಗೆ ಬಂದು ಕದವಾಗಿ ನಿಂತಾಗ ಏನಾಗುತ್ತದೆ, ಅದಕ್ಕೆ ಬಡಗಿಯು ಏನು ಉಪಾಯವನ್ನು ಮಾಡುತ್ತಾನೆ ಎಂಬುದನ್ನು ವಿಚಾರಿಸುವುದಕ್ಕೆ ಈ ಮೂರು ಊರುಗಳಿಗಿಂತ ಉಚಿತವಾದ ಸ್ಥಳವು ದೊರೆಯಲಾರದು.

ಮರವು ಕಡಿದ ಮೇಲೂ ನೀರಿನ ಸಂಬಂಧವನ್ನು ಬಿಡುವುದಿಲ್ಲ. ಅದರ ಜೀವಕೋಶಗಳ ಭಿತ್ತಿಗಳು ಗಾಳಿಯಲ್ಲಿರುವ ತೇವವನ್ನು ಹೀರಿ ಹಿಗ್ಗುತ್ತವೆ, ಗಾಳಿಯು ಶುಷ್ಕವಾದಾಗ ಅದನ್ನು ಬಿಟ್ಟುಕೊಟ್ಟು ಕುಗ್ಗುತ್ತವೆ. ನೂರು ವರ್ಷದ ಹಲಗೆಯಲ್ಲಿಯೂ ಈ ಉಚ್ಛ್ವಾಸ ನಿಃಶ್ವಾಸವು ನಿಲ್ಲುವುದಿಲ್ಲ. ಆದರೆ ಈ ಚಲನೆಯು ಎಲ್ಲ ದಿಕ್ಕಿಗೂ ಸಮನಾಗಿರುವುದಿಲ್ಲ. ಎಳೆಯ ಉದ್ದಕ್ಕೆ ಅದು ಗಣನೆಗೆ ಬಾರದಷ್ಟು ಅಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಹೆಚ್ಚು. ವಾರ್ಷಿಕ ವಲಯಗಳನ್ನು ಅನುಸರಿಸಿ ಸುತ್ತುವ ದಿಕ್ಕಿನಲ್ಲಿ ಅದರ ಸುಮಾರು ಎರಡರಷ್ಟು. ಸ್ಥಿರತೆಗೆ ಪ್ರಖ್ಯಾತವಾದ ತೇಗವೂ ಹಸಿಯಿಂದ ಪೂರ್ಣ ಒಣಗುವ ವೇಳೆಗೆ ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಶೇಕಡಾ ಎರಡೂವರೆಯಷ್ಟೂ ವಲಯಗಳ ದಿಕ್ಕಿನಲ್ಲಿ ಶೇಕಡಾ ಐದಕ್ಕೆ ಮಿಕ್ಕಿಯೂ ಕುಗ್ಗುತ್ತದೆ. ಕಟ್ಟಿದ ಮನೆಯೊಳಗೆ ಮಳೆಗಾಲಕ್ಕೂ ಬೇಸಗೆಗೂ ನಡುವೆ ಹಲಗೆಯ ತೇವಾಂಶದಲ್ಲಿ ಶೇಕಡಾ 6ರಷ್ಟು ವ್ಯತ್ಯಾಸವಾಯಿತೆಂದು ಇಟ್ಟುಕೊಂಡರೆ, 12 ಅಂಗುಲ ಅಗಲದ ತೇಗದ ಹಲಗೆಯು ಅಂಗುಲದ ಎಂಟನೆಯ ಒಂದು ಭಾಗದಷ್ಟು ಅಗಲವಾಗಿ ಮತ್ತೆ ಕಿರಿದಾಗುತ್ತದೆ. ಇಷ್ಟೇ ತಾನೆ ಎನ್ನಿಸಬಹುದು. ಆದರೆ ಬಂಡೆಯಲ್ಲಿ ತೂತುಗಳನ್ನು ಕೊರೆದು, ಒಣಮರದ ಬೆಣೆಗಳನ್ನು ಬಡಿದು, ನೀರು ಹೊಯ್ದು, ಹಿಗ್ಗುವ ಮರದ ಬಲದಿಂದಲೇ ಕಲ್ಲನ್ನು ಸೀಳುತ್ತಿದ್ದರೆಂಬುದನ್ನು ನೆನೆದರೆ, ಈ ಅಲ್ಪ ಚಲನೆಯನ್ನು ಮೊಳೆಯಿಂದಾಗಲಿ ಅಂಟಿನಿಂದಾಗಲಿ ತಡೆದು ನಿಲ್ಲಿಸುತ್ತೇವೆಂಬ ಭರವಸೆಯು ಎಷ್ಟು ನಿರಾಧಾರವೆಂಬುದು ತಿಳಿಯುತ್ತದೆ.

ಹಲಗೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಹಿಂದುಗಡೆ ಅಡ್ಡಪಟ್ಟಿಗಳನ್ನು ಹೊಡೆದ ಸರಳವಾದ ಕದವು ನಮ್ಮ ಕೊಟ್ಟಿಗೆಗಳಲ್ಲಿ, ಕಣಜದ ಮನೆಗಳಲ್ಲಿ ಚಿರಕಾಲದಿಂದ ನಡೆದುಬಂದಿದೆ. ಬೇಸಗೆಯಲ್ಲಿ ಅದರ ಸಂದುಗಳು ಬಾಯ್ದೆರೆಯುತ್ತವೆ, ಆಷಾಢದಲ್ಲಿ ಅದು ಚೌಕಟ್ಟಿಗೆ ಕಚ್ಚಿಕೊಂಡು ತಳ್ಳಿದರೂ ತೆರೆಯದಾಗುತ್ತದೆ. ಇದಕ್ಕೆ ಪ್ರತೀಕಾರವಾಗಿ ಬಂದುದೇ ಚೌಕಟ್ಟು ಮತ್ತು ಒಳಹಲಗೆಗಳ ಕದ, ಊರಿನ ಬಡಗಿಗಳು ಇಂದು ಪ್ಯಾನಲ್ ಬಾಗಿಲು ಎಂದು ಕರೆಯುವ ರಚನೆ. ಎರಡು ನಿಲುಪಟ್ಟಿಗಳನ್ನೂ ಮೂರು ನಾಲ್ಕು ಅಡ್ಡಪಟ್ಟಿಗಳನ್ನೂ ಕಚ್ಚು ಕೂಡಿಸಿ ಭದ್ರವಾದ ಒಂದು ಅಸ್ಥಿಪಂಜರವನ್ನು ಮಾಡಿ, ಅವುಗಳ ಒಳಅಂಚಿನಲ್ಲಿ ತೋಡು ತೆಗೆದು, ಆ ತೋಡಿನಲ್ಲಿ ಹಲಗೆಯನ್ನು ಕೂರಿಸುತ್ತಾರೆ. ಪಟ್ಟಿಗಳು ಕಿರಿದಾದುದರಿಂದ ಅವುಗಳ ಹಿಗ್ಗು ಕುಗ್ಗು ಅತ್ಯಲ್ಪ. ಕದದ ಎತ್ತರವು ನಿಲುಪಟ್ಟಿಯ ಎಳೆಯ ಉದ್ದವಾದುದರಿಂದ ಅದು ಬದಲಾಗುವುದೇ ಇಲ್ಲ. ಅಗಲವಾದ ಹಲಗೆಗೆ ಮಾತ್ರ ಅಂಟೂ ಇಲ್ಲ, ಮೊಳೆಯೂ ಇಲ್ಲ. ಅದು ತೋಡಿನೊಳಗೆ ತನ್ನ ಇಷ್ಟದಂತೆ ಸರಿದಾಡುತ್ತಿರುತ್ತದೆ, ಹೊರಗಿನಿಂದ ನೋಡುವವನಿಗೆ ಕದವು ಅಚಲವಾಗಿ ಕಾಣುತ್ತದೆ.

ಇಲ್ಲಿ ಒಂದು ವಿರೋಧವು ತಲೆದೋರುತ್ತದೆ. ತೋಡು ಕಿರಿದಾಗಿರಬೇಕು, ಇಲ್ಲವಾದರೆ ಪಟ್ಟಿಯು ದುರ್ಬಲವಾಗುತ್ತದೆ. ಹಲಗೆಯು ದಪ್ಪವಾಗಿರಬೇಕು, ಇಲ್ಲವಾದರೆ ಕದವು ಕದವೆನಿಸದು, ಕಳ್ಳನ ಒಂದು ಒದೆತಕ್ಕೆ ಸೀಳಿಹೋದೀತು. ಒಂದಂಗುಲ ದಪ್ಪದ ಹಲಗೆಯನ್ನು ಅಂಗುಲದ ಎಂಟರಲ್ಲಿ ಮೂರು ಭಾಗದಷ್ಟು ಅಗಲವಿರುವ ತೋಡಿಗೆ ಇಳಿಸುವುದು ಹೇಗೆ? ಅಂಚುಗಳನ್ನು ಓರೆಯಾಗಿ ಕೆತ್ತಿ ತೆಳುವಾಗಿಸುವುದು, ನಡುಭಾಗವನ್ನು ಇದ್ದ ದಪ್ಪದಲ್ಲಿಯೇ ಬಿಡುವುದು. ನಾವು ಸೊಗಸಿಗಾಗಿ ಮಾಡಿದುದೆಂದು ಭಾವಿಸುವ ಆ ಉಬ್ಬು, ಬೆಳಗಿನ ಓರೆಬಿಸಿಲಿನಲ್ಲಿ ನಾಲ್ಕು ಇಳಿಜಾರುಗಳ ಮೇಲೆ ನಾಲ್ಕು ಬಗೆಯ ನೆರಳನ್ನು ತೋರುವ ಆ ಚತುರಸ್ರವು, ಮೂಲತಃ ಋತುಮಾನಕ್ಕೆ ಕೊಟ್ಟ ಉತ್ತರವೇ ಹೊರತು ಅಲಂಕಾರವಲ್ಲ. ಉಪಯೋಗಕ್ಕೆಂದು ಹುಟ್ಟಿದ ರೂಪವೊಂದು ಇಷ್ಟು ಗಂಭೀರವಾದ ಸೌಂದರ್ಯವನ್ನು ಪಡೆದುದನ್ನು ನಾನು ಬೇರೆ ಕಸಬುಗಳಲ್ಲಿ ವಿರಳವಾಗಿ ಕಂಡಿದ್ದೇನೆ.

ತರೀಕೆರೆಯಿಂದ ಸ್ವಲ್ಪ ದೂರದ ಅಮೃತಾಪುರದಲ್ಲಿ, ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅದರ ಮುಖಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತಗಳ ಕಥೆಯನ್ನು 140 ಫಲಕಗಳಲ್ಲಿ ಕಡೆದಿದ್ದಾರೆ; ಮಲ್ಲಿತಮ್ಮನೆಂಬ ಪ್ರಸಿದ್ಧ ರೂವಾರಿಯ ಕೈಕೆಲಸವೂ ಅಲ್ಲಿದೆ. ಕಲ್ಲಿನ ಫಲಕವನ್ನು ಅದರ ಸುತ್ತಣ ಅಂಚಿನಿಂದ ಬೇರ್ಪಡಿಸಬೇಕಾದ ಅಗತ್ಯವು ಶಿಲ್ಪಿಗೆ ಇರಲಿಲ್ಲ. ಎರಡೂ ಒಂದೇ ಬಂಡೆಯ ಭಾಗ, ಎಂಟುನೂರು ಮಳೆಗಾಲಗಳು ಕಳೆದರೂ ಅವುಗಳ ನಡುವೆ ವೈಷಮ್ಯವು ಹುಟ್ಟುವುದಿಲ್ಲ. ಅದೇ ರೂಪವನ್ನು ಮರದ ಒಂದೇ ತುಂಡಿನಲ್ಲಿ ಕಡೆದು ನಿಲ್ಲಿಸಿದರೆ ಕೆಲವು ಬೇಸಗೆಗಳೊಳಗೆ ಅದು ಬಿರಿಯುತ್ತದೆ. ಸ್ಥಪತಿಯ ಫಲಕಕ್ಕೂ ಬಡಗಿಯ ಫಲಕಕ್ಕೂ ಇರುವ ಭೇದವು ಇದೇ.

ಬಯಲಿನ ಊರುಗಳ ಬಡಗಿಗೆ ಕದದ ಕೆಲಸವೇ ಮುಖ್ಯವಾಗಿರಲಿಲ್ಲ. ಹನ್ನೆರಡು ಆಯಗಾರರಲ್ಲಿ ಒಬ್ಬನಾಗಿ, ಸುಗ್ಗಿಯಲ್ಲಿ ಕಣದಿಂದ ಧಾನ್ಯವನ್ನು ಪಡೆದು, ಅವನು ವರ್ಷವಿಡೀ ನೇಗಿಲು, ಕೂರಿಗೆ, ಕುಂಟೆ, ಬಂಡಿಯ ಗಾಲಿಗಳನ್ನು ಮಾಡಿಕೊಡುತ್ತಿದ್ದನು. ಅದಕ್ಕೆ ಜಾಲಿಯ ಮರ, ಬಾಚಿ ಮತ್ತು ಉಳಿಗಳೇ ಸಾಕಾಗಿದ್ದುವು. ಉಬ್ಬುಹಲಗೆಯ ಕದಗಳು ಹಳೆಯ ಮೈಸೂರಿನ ಸರ್ಕಾರಿ ಕಟ್ಟಡಗಳಲ್ಲಿ, ರೈಲುನಿಲ್ದಾಣಗಳಲ್ಲಿ, ಪ್ರವಾಸಿ ಬಂಗಲೆಗಳಲ್ಲಿ ಕಾಣಿಸಿಕೊಂಡು, ಅಲ್ಲಿಂದ ಅನುಕೂಲಸ್ಥರ ತೊಟ್ಟಿಮನೆಗಳಿಗೆ ಬಂದುವು. ಅವುಗಳೊಂದಿಗೆ ಮರವನ್ನು ಕೀಸುವ ಹತ್ತರಿಗಳ ಸಂಖ್ಯೆಯೂ ಬೆಳೆಯಿತು. ಹತ್ತರಿಯು ಅತಿ ಪುರಾತನವಾದ ಉಪಕರಣ; ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ ದೊರೆತ ಹತ್ತರಿಗಳನ್ನು ನೋಡಿದರೆ ನಮ್ಮ ಬಡಗಿಗೆ ಅವು ಅಪರಿಚಿತವೆನಿಸಲಾರವು. ಮರದ ಕೊರಡು, ಅದರ ನಡುವೆ ಬಾಯಿ, ಬಾಯಿಯಲ್ಲಿ 45 ಅಂಶದ ಓರೆಗೆ ಇಟ್ಟ ಉಕ್ಕಿನ ಅಲಗು, ಅದನ್ನು ಬಿಗಿಯುವ ಬೆಣೆ, ಇವಿಷ್ಟೇ ಅದರ ಅಂಗಗಳು. ನಮ್ಮವರು ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಿಂದ ಒತ್ತಿಹಿಡಿದು ಕೆಲಸ ಮಾಡುತ್ತಿದ್ದರು. ದೊಡ್ಡ ಹತ್ತರಿಯಾದರೆ ಒಬ್ಬನು ತಳ್ಳುತ್ತ, ಎದುರಿಗಿದ್ದವನು ಎಳೆಯುತ್ತ ಸಾಗಿಸುತ್ತಿದ್ದರು.

ಇನ್ನು ಕೆಲಸದ ಕ್ರಮ. ಮೊದಲು ಹಲಗೆಯ ಒಂದು ಮುಖವನ್ನು ಉದ್ದನೆಯ ಹತ್ತರಿಯಿಂದ ಸಮಮಾಡಿ, ಎರಡು ತುದಿಗಳಲ್ಲಿ ಎರಡು ನೇರವಾದ ಪಟ್ಟಿಗಳನ್ನು ಇಟ್ಟು, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ನೋಡಿ, ಹಲಗೆಯು ತಿರುಚಿಕೊಂಡಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಆ ಮುಖವನ್ನು ಆಧಾರವಾಗಿಟ್ಟುಕೊಂಡು ಉಳಿದ ಮುಖವನ್ನೂ ಅಂಚುಗಳನ್ನೂ ಸಿದ್ಧಗೊಳಿಸಬೇಕು. ತೋಡಿನ ಆಳವು ಅರ್ಧ ಅಂಗುಲವಾದರೆ ಹಲಗೆಯು ಅದರೊಳಗೆ ಎಂಟರಲ್ಲಿ ಮೂರು ಅಂಗುಲದಷ್ಟು ಮಾತ್ರ ಪ್ರವೇಶಿಸುವಂತೆ ಅಳೆದು ಕತ್ತರಿಸುತ್ತಾರೆ; ಉಳಿದ ಅವಕಾಶವು ಮಳೆಗಾಲದ ಪಾಲು. ಈ ಅಳತೆಯನ್ನು ಹಾಕುವಾಗ ತಿಂಗಳು ಯಾವುದೆಂಬುದನ್ನು ನೆನಪಿನಲ್ಲಿಡುವವನೇ ನಿಜವಾದ ಬಡಗಿ. ಶ್ರಾವಣದಲ್ಲಿ ತರೀಕೆರೆಯಲ್ಲಿ ಮಾಡಿದ ಹಲಗೆಯು ಆಗಲೇ ಹಿಗ್ಗಿರುತ್ತದೆ, ಅದಕ್ಕೆ ಹೆಚ್ಚಿನ ಅವಕಾಶವು ಬೇಡ. ಚೈತ್ರದಲ್ಲಿ ಅಜ್ಜಂಪುರದಲ್ಲಿ ಮಾಡಿದ ಹಲಗೆಯು ಒಣಗಿ ಕುಗ್ಗಿರುತ್ತದೆ, ಮುಂದೆ ಬರುವ ಮಳೆಗಾಗಿ ಜಾಗವನ್ನು ಬಿಡಲೇಬೇಕು.

ಆಮೇಲೆ ಹಲಗೆಯ ನಾಲ್ಕು ಅಂಚುಗಳಿಂದ ಒಂದೂವರೆ ಅಥವಾ ಎರಡು ಅಂಗುಲ ಒಳಗೆ ಗೆರೆಗಳನ್ನು ಗೀರುತ್ತಾರೆ. ಈ ಗೆರೆಗಳೊಳಗಿನದು ನಡುಪೀಠ, ಹೊರಗಿನದು ಇಳಿಜಾರು. ಅಂಚಿನ ದಪ್ಪವು ಎಷ್ಟಕ್ಕೆ ಇಳಿಯಬೇಕೆಂಬುದನ್ನು ಹಲಗೆಯ ಪಾರ್ಶ್ವದಲ್ಲಿ ಮತ್ತೊಂದು ಗೆರೆಯಿಂದ ಗುರುತಿಸುತ್ತಾರೆ. ನಡುಪೀಠದ ಗೆರೆಯುದ್ದಕ್ಕೂ ನೇರವಾದ ಒಂದು ಪಟ್ಟಿಯನ್ನು ಬಿಗಿದು, ಅದಕ್ಕೆ ಆತುಕೊಂಡು ಸಾಗುವಂತೆ, ಅಲಗು ಕೊರಡಿನ ಪೂರ್ಣ ಅಗಲಕ್ಕೂ ವ್ಯಾಪಿಸಿರುವ ಕಿರುಹತ್ತರಿಯನ್ನು ಓಡಿಸಿ, ಮೊದಲು ಸಣ್ಣದೊಂದು ಮೆಟ್ಟನ್ನು ಕಡೆಯುತ್ತಾರೆ. ಈ ಮೆಟ್ಟೇ ಪೀಠದ ಅಂಚಿನಲ್ಲಿ ನೆರಳಿನ ಗೆರೆಯಾಗಿ ನಿಲ್ಲುವುದು. ಅನಂತರ ಮೆಟ್ಟಿನ ಬುಡದಿಂದ ಅಂಚಿನ ಗೆರೆಯವರೆಗೆ ಹತ್ತರಿಯನ್ನು ವಾಲಿಸಿ ಓರೆಯನ್ನು ತೆಗೆಯುತ್ತಾರೆ. ಯೂರೋಪಿನ ಬಡಗಿಗಳು ಈ ಎರಡು ಕೆಲಸಗಳನ್ನೂ ಒಮ್ಮೆಗೇ ಮಾಡುವ ಅಗಲವಾದ ವಿಶೇಷ ಹತ್ತರಿಯನ್ನು ನಿರ್ಮಿಸಿಕೊಂಡಿದ್ದರು; ನಮ್ಮಲ್ಲಿ ಎರಡು ಮೂರು ಸಾಮಾನ್ಯ ಹತ್ತರಿಗಳಿಂದಲೇ ಅದನ್ನು ಸಾಧಿಸಬಹುದು, ಕೈಗೆ ಮಾತ್ರ ಹೆಚ್ಚಿನ ಸಂಯಮವು ಬೇಕಾಗುತ್ತದೆ.

ಈ ಕೆಲಸದಲ್ಲಿ ಅನುಲ್ಲಂಘ್ಯವಾದ ಒಂದು ನಿಯಮವುಂಟು: ಎಳೆಗೆ ಅಡ್ಡವಾದ ಎರಡು ತುದಿಗಳನ್ನು ಮೊದಲು, ಎಳೆಯ ಜಾಡಿನಲ್ಲಿರುವ ಎರಡು ಪಕ್ಕಗಳನ್ನು ಆಮೇಲೆ ಕೀಸಬೇಕು. ಅಡ್ಡವಾಗಿ ಸಾಗುವ ಅಲಗು ಕಡೆಯಂಚನ್ನು ದಾಟುವಾಗ ಅಲ್ಲಿಯ ನಾರುಗಳಿಗೆ ಹಿಂದಿನಿಂದ ಆಸರೆಯಿಲ್ಲದೆ ಚೂರು ಸಿಡಿಯುವುದು ಸಹಜ. ಮುಂದೆ ಪಕ್ಕವನ್ನು ಕೀಸುವಾಗ ಆ ಹಾಳಾದ ಮೂಲೆಯೂ ಕಡಿದುಹೋಗುವುದರಿಂದ ದೋಷವು ಉಳಿಯುವುದಿಲ್ಲ. ಅಡ್ಡ ಎಳೆಯಲ್ಲಿ ಅಲಗಿನ ಮುಂದೆ ಹರಿತವಾದ ಸಣ್ಣ ಕತ್ತಿಯೊಂದು ನಾರನ್ನು ಸೀಳುತ್ತ ಹೋಗಬೇಕು, ಅಥವಾ ಗೀರುಗತ್ತಿಯಿಂದ ಗೆರೆಯನ್ನು ಮೊದಲೇ ಆಳವಾಗಿ ಕೊಯ್ದಿರಬೇಕು. ಅಲಗು ಹತ್ತರಿಯ ದಾರಿಗೆ ಓರೆಯಾಗಿ ಕುಳಿತಿದ್ದರೆ ಅದು ಈಳಿಗೆಯ ಮೇಲೆ ತರಕಾರಿಯನ್ನು ಜಾರಿಸಿ ಹೆಚ್ಚುವಂತೆ ನಾರನ್ನು ಎಳೆದು ಕೊಯ್ಯುತ್ತದೆ, ಮೇಲ್ಮೈ ತರಿಯಾಗುವುದಿಲ್ಲ. ನಾಲ್ಕು ಇಳಿಜಾರುಗಳೂ ಸಮವಾಗಿ ಇಳಿದಿದ್ದರೆ ಅವು ಸಂಧಿಸುವ ಮೂಲೆಗಳಲ್ಲಿ ಪೀಠದ ಕೋಣದಿಂದ ಹಲಗೆಯ ಕೋಣಕ್ಕೆ ನೇರವಾದ ನಾಲ್ಕು ಕರ್ಣರೇಖೆಗಳು ತಾವಾಗಿಯೇ ಮೂಡುತ್ತವೆ. ಇವನ್ನು ಯಾರೂ ಗೀರುವುದಿಲ್ಲ, ಕಡೆಯುವುದಿಲ್ಲ. ಒಂದು ಇಳಿಜಾರು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ರೇಖೆಯು ಮೂಲೆಯನ್ನು ತಪ್ಪಿ ಪಕ್ಕಕ್ಕೆ ಸರಿಯುತ್ತದೆ. ಆದುದರಿಂದ ಹಳೆಯ ಕದವೊಂದನ್ನು ಪರೀಕ್ಷಿಸುವವನು ಮೊದಲು ಆ ನಾಲ್ಕು ಮೂಲೆಗಳನ್ನು ನೋಡಬೇಕು. ಮಾಡಿದವನ ಕೈಯ ಪರಿಚಯವು ಅಲ್ಲಿ ದೊರೆಯುತ್ತದೆ.

ಮರದ ಜಾತಿಯೂ ಹತ್ತರಿಯ ವರ್ತನೆಯನ್ನು ಬದಲಾಯಿಸುತ್ತದೆ. ತೇಗವು ಸುಲಭವಾಗಿ ಕೀಸಬಹುದಾದ ಮರವೆಂಬುದು ಅರ್ಧಸತ್ಯ. ಅದರೊಳಗೆ ಸೂಕ್ಷ್ಮವಾದ ಮರಳಿನ ಅಂಶವಿರುವುದರಿಂದ ಅಲಗು ಬೇಗನೆ ಮೊಂಡಾಗುತ್ತದೆ, ಸಾಣೆಕಲ್ಲನ್ನು ಕೈಗೆಟಕುವಲ್ಲಿಯೇ ಇಟ್ಟುಕೊಳ್ಳಬೇಕು. ಹೊನ್ನೆ, ಮತ್ತಿಗಳಲ್ಲಿ ಎಳೆಯು ಒಂದು ಪದರದಲ್ಲಿ ಒಂದು ಕಡೆಗೂ ಮುಂದಿನ ಪದರದಲ್ಲಿ ಇನ್ನೊಂದು ಕಡೆಗೂ ವಾಲಿರುವುದರಿಂದ, ಯಾವ ದಿಕ್ಕಿನಲ್ಲಿ ಕೀಸಿದರೂ ಎಲ್ಲಿಯೋ ಒಂದು ಕಡೆ ನಾರು ಕಿತ್ತುಬರುತ್ತದೆ. ಅಲ್ಲಿ ಅಲಗನ್ನು 50 ಅಂಶಕ್ಕೋ ಅದಕ್ಕೂ ಮೇಲೋ ನಿಲ್ಲಿಸಿದ ಹತ್ತರಿಯೇ ಗತಿ. ಹೊನ್ನೆಯು ತೇವ ತಗುಲಿದರೆ ಹಳದಿಯ ಬಣ್ಣವನ್ನು ಬಿಡುತ್ತದೆಂಬುದನ್ನೂ ಮರೆಯಬಾರದು.

ಜೋಡಿಸುವುದಕ್ಕೆ ಮುಂಚೆ ಹಲಗೆಯ ಅಂಚುಗಳಿಗೂ ಸೇರಿಸಿ ಎಣ್ಣೆಯನ್ನೋ ಮೆರುಗೆಣ್ಣೆಯನ್ನೋ ಬಳಿಯಬೇಕು. ಜೋಡಿಸಿದ ಮೇಲೆ ಬಳಿದರೆ ಮೊದಲ ಬೇಸಗೆಯಲ್ಲಿಯೇ ಹಲಗೆಯು ಕುಗ್ಗಿ, ಪಟ್ಟಿಯ ಬದಿಯಲ್ಲಿ ಬಣ್ಣ ಕಾಣದ ಬಿಳಿಯ ಗೆರೆಯೊಂದು ಹೊರಬೀಳುತ್ತದೆ. ಪಟ್ಟಿಗಳ ಕಚ್ಚಿಗೆ ತೂತನ್ನು ಸ್ವಲ್ಪ ಆಚೀಚೆ ಕೊರೆದು ಮರದ ಗೂಟವನ್ನು ಬಡಿದರೆ, ಗೂಟವು ತಾನೇ ಎರಡು ಪಟ್ಟಿಗಳನ್ನೂ ಎಳೆದು ಬಿಗಿಯುತ್ತದೆ.

ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾಗಿ, 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಮರಕ್ಕೆ ದಂತವನ್ನು ಕೂರಿಸಿದ ಬಾಗಿಲು ನಿಂತಾಗ, ಈ ನಾಡಿನ ಬಡಗಿಯ ವಿದ್ಯೆಗೆ ರಾಜಗೌರವವು ದೊರೆಯಿತು. ಅದಾಗಿ ಹೆಚ್ಚು ವರ್ಷ ಕಳೆಯುವುದರೊಳಗೆ, 1923ರಲ್ಲಿ, ಭದ್ರಾವತಿಯ ಕುಲುಮೆಯು ಕೆಮ್ಮಣ್ಣುಗುಂಡಿಯ ಅದಿರನ್ನು ಸುತ್ತಣ ಕಾಡಿನ ಇದ್ದಲಿನಿಂದ ಕರಗಿಸತೊಡಗಿತು. ಕದವಾಗಬಹುದಾಗಿದ್ದ ಎಷ್ಟೋ ಮರವು ಹೀಗೆ ಕಬ್ಬಿಣವಾಯಿತು. ಈಗ ಯಂತ್ರವು ಉಬ್ಬುಹಲಗೆಯ ಓರೆಯನ್ನು ಕೆಲವೇ ನಿಮಿಷಗಳಲ್ಲಿ ಕಡೆಯುತ್ತದೆ. ಅದನ್ನು ನಾನು ನಿಂದಿಸಲಾರೆ. ಆ ಧೂಳಿನಲ್ಲಿ ನಿಂತು ದುಡಿಯುವವನಿಗೂ ಸಂಸಾರವುಂಟು. ನನಗೆ ವ್ಯಥೆಯನ್ನುಂಟುಮಾಡುವುದು, ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದ ಹಲಗೆಯ ಮೇಲೆ ಉಬ್ಬಿನ ಆಕಾರವನ್ನು ಮಾತ್ರ ಮೂಡಿಸಿ ಮಾರುವ ಕದ. ಕಾರಣವನ್ನು ಕಳೆದುಕೊಂಡ ಆ ರೂಪವನ್ನು ಕಂಡು ಬೆಳೆಯುವ ಹುಡುಗನಿಗೆ ಉಬ್ಬು ಏಕಿದೆಯೆಂಬ ಪ್ರಶ್ನೆಯೇ ಹುಟ್ಟದು.

ಹಳೆಯ ಮನೆಗಳಲ್ಲಿ ಇಂತಹ ಕದಗಳನ್ನು ಉಳಿಸಿಕೊಂಡಿರುವವರಿಗೆ ಒಂದು ಮಾತನ್ನು ಹೇಳಲೇಬೇಕು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಬಳಿದ ಬಣ್ಣವು ವರ್ಷಗಳು ಕಳೆದಂತೆ ತೋಡಿನ ಸಂದಿಗೆ ಇಳಿದು, ಗಟ್ಟಿಯಾಗಿ, ಹಲಗೆಯನ್ನು ಪಟ್ಟಿಗೆ ಅಂಟಿಸಿಬಿಡುತ್ತದೆ. ಸರಿದಾಡುವುದಕ್ಕೆ ಅವಕಾಶವಿಲ್ಲದ ಹಲಗೆಯು ಕುಗ್ಗುವಾಗ ನಟ್ಟನಡುವೆ ಸೀಳುತ್ತದೆ. ಆ ಸೀಳಿಗೆ ಮೇಣವನ್ನೋ ಪುಟ್ಟಿಯನ್ನೋ ತುಂಬಿದರೆ ಮುಂದಿನ ಮಳೆಗಾಲದಲ್ಲಿ ಹಿಗ್ಗಿದ ಹಲಗೆಯು ಅದನ್ನು ಹೊರಕ್ಕೆ ತಳ್ಳುತ್ತದೆ, ಇಲ್ಲವೇ ಪಟ್ಟಿಗಳ ಕಚ್ಚನ್ನೇ ಸಡಿಲಿಸುತ್ತದೆ. ಇದಕ್ಕೆ ಬದಲಾಗಿ ತೆಳುವಾದ ಕತ್ತಿಯೊಂದನ್ನು ಹಲಗೆಯು ಪಟ್ಟಿಯನ್ನು ಸೇರುವ ಗೆರೆಯುದ್ದಕ್ಕೂ, ಎರಡು ಮುಖಗಳಲ್ಲಿಯೂ, ನಿಧಾನವಾಗಿ ಎಳೆದು ಬಣ್ಣದ ಹಿಡಿತವನ್ನು ಬಿಡಿಸಿ, ಹಲಗೆಯ ಅಂಚಿಗೆ ಮರದ ತುಂಡೊಂದನ್ನು ಆನಿಸಿ ಕೊಡತಿಯಿಂದ ಮೆಲ್ಲನೆ ತಟ್ಟಿ, ಅದು ಅಲುಗುತ್ತದೆಯೇ ಎಂದು ನೋಡಬೇಕು. ಅಲುಗಿದರೆ ಸೀಳಿನ ಎರಡು ಹೋಳುಗಳನ್ನು ಒತ್ತಿ ಕೂಡಿಸಿ ಅಂಟುಹಾಕುವುದು ಸಾಧ್ಯ. ಅಂಟು ಸೀಳಿಗೆ ಮಾತ್ರ ಸೇರಬೇಕು, ತೋಡಿಗೆ ಒಂದು ಹನಿಯೂ ಇಳಿಯಕೂಡದು.