ತನ್ನಷ್ಟಕ್ಕೇ ಆರಿ ಹೊತ್ತಿಕೊಳ್ಳುವ ಕಂಪ್ಯೂಟರ್

2022ರ ಮಳೆಗಾಲದಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಪಿಯುಸಿ ಓದುತ್ತಿದ್ದ ಮಗಳು ಪ್ರಾಜೆಕ್ಟ್ ಟೈಪ್ ಮಾಡುತ್ತಿರುವಾಗ ಪರದೆ ಒಮ್ಮೆಲೇ ಕಪ್ಪಾಗುತ್ತಿತ್ತು, ಕೆಲವು ಕ್ಷಣಗಳಲ್ಲಿ ತಾನಾಗಿಯೇ ಪುನಃ ಚಾಲೂ ಆಗುತ್ತಿತ್ತು. ಕೆಲವು ದಿನ ಏನೂ ಇಲ್ಲ, ಕೆಲವು ರಾತ್ರಿ ಮೂರು ಬಾರಿ. ಒಬ್ಬರಿಗೆ ಜ್ವರ ಬಂದರೆ ನೋಡಲು ಬಂದವರೆಲ್ಲ ವೈದ್ಯರಾಗುವುದಿಲ್ಲವೇ? ಹಾಗೆಯೇ ಇಲ್ಲಿಯೂ ಆಯಿತು. ಕರೆಂಟಿನ ದೋಷವೆಂದು ಮನೆಯಾಕೆ ಹೇಳಿದಳು. ವೈರಸ್ ಎಂದು ಭಾವ ತೀರ್ಪಿತ್ತರು. ಬಿಸಿಯಾಗುತ್ತಿರಬೇಕೆಂದು ನಾನು ಪೆಟ್ಟಿಗೆಯ ಬದಿಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಫ್ಯಾನ್ ತಿರುಗುತ್ತಿರುವಾಗಲೇ ಅದು ಮತ್ತೊಮ್ಮೆ ಆರಿತು.

ಪೇಟೆಯ ರಿಪೇರಿ ಅಂಗಡಿಯವರು ನೋಡಿದವರೇ, "ವಿಂಡೋಸ್ ಹಾಳಾಗಿದೆ, ಹೊಸದಾಗಿ ಹಾಕಬೇಕು" ಎಂದರು. ಡಿಸ್ಕ್ ಅಳಿಸುವ ಮುನ್ನ ಅದರಲ್ಲಿದ್ದ ಕುಟುಂಬದ ಫೋಟೋಗಳನ್ನು ಉಳಿಸಿಕೊಳ್ಳಬೇಕಿತ್ತು. ತೀರಿಕೊಂಡ ತಂದೆಯವರ ಕೊನೆಯ ಎರಡು ವರ್ಷಗಳ ಚಿತ್ರಗಳು ಅದರಲ್ಲೇ ಇದ್ದವು. ಅದೇ ಕಂಪ್ಯೂಟರಿಗೆ ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿ ಎಲ್ಲವನ್ನೂ ನಕಲು ಮಾಡಿದೆ. ಫೈಲುಗಳ ಸಂಖ್ಯೆ ಸರಿಯಿತ್ತು, ಗಾತ್ರವೂ ಸರಿಯಿತ್ತು. ನಿಶ್ಚಿಂತೆಯಿಂದ ಡಿಸ್ಕ್ ಅಳಿಸಲು ಒಪ್ಪಿದೆ. ವಾರದೊಳಗೆ ಹೊಸ ವಿಂಡೋಸ್ ಕೂಡ ಹಳೆಯದರಂತೆಯೇ ಆರಿ ಹೊತ್ತಿಕೊಳ್ಳತೊಡಗಿತು. ಅದಕ್ಕಿಂತ ದೊಡ್ಡ ಆಘಾತ ಫೋಟೋಗಳನ್ನು ತೆರೆದಾಗ ಕಾದಿತ್ತು. ಸುಮಾರು 20 ಚಿತ್ರಗಳು ಕೆಟ್ಟಿದ್ದವು. ಕೆಲವು ತೆರೆಯಲೇ ಇಲ್ಲ, ಕೆಲವುಗಳ ಕೆಳಭಾಗ ಬರೀ ಬೂದು ಬಣ್ಣ.

ದೋಷವಿದ್ದುದು ರ್‍ಯಾಮ್ ಎಂದು ಕರೆಯಲ್ಪಡುವ ಮೆಮೊರಿಯಲ್ಲಿ. ಅದನ್ನು ತರಗತಿಯ ಕರಿಹಲಗೆಗೆ ಹೋಲಿಸಬಹುದು. ಹಾರ್ಡ್ ಡಿಸ್ಕ್ ಎಂದರೆ ಬರೆದಿಡುವ ನೋಟುಪುಸ್ತಕ. ಕಂಪ್ಯೂಟರ್ ಏನೇ ಕೆಲಸ ಮಾಡಬೇಕಿದ್ದರೂ ಮೊದಲು ಪುಸ್ತಕದಿಂದ ಹಲಗೆಗೆ ಬರೆದುಕೊಳ್ಳುತ್ತದೆ, ಮುಗಿದ ಮೇಲೆ ಹಲಗೆಯಿಂದ ಪುಸ್ತಕಕ್ಕೆ ಇಳಿಸುತ್ತದೆ. ಒಂದು ಫೋಟೋವನ್ನು ಇಲ್ಲಿಂದ ಅಲ್ಲಿಗೆ ನಕಲು ಮಾಡುವಾಗಲೂ ಅದು ಹಲಗೆಯ ಮೂಲಕವೇ ಹಾದು ಹೋಗಬೇಕು. ಹಲಗೆಯ ಮೇಲೆ ಒಂದು ಅಕ್ಷರ ತಾನಾಗಿಯೇ ಬದಲಾದರೆ ವಿಧೇಯ ವಿದ್ಯಾರ್ಥಿ ಆ ತಪ್ಪನ್ನೇ ಚಂದವಾಗಿ ಪುಸ್ತಕಕ್ಕೆ ಇಳಿಸುತ್ತಾನೆ. ಫೈಲಿನ ಗಾತ್ರ ಬದಲಾಗುವುದಿಲ್ಲ. ಆದುದರಿಂದಲೇ ನನ್ನ ತಪಾಸಣೆಗೆ ಅದು ಸಿಕ್ಕಿರಲಿಲ್ಲ. ಫೋಟೋ ಫೈಲಿನಲ್ಲಿ ಮಾಹಿತಿಯನ್ನು ಒತ್ತಿ ತುಂಬಿರುವುದರಿಂದ ನಡುವೆ ಒಂದು ಕಡೆ ತಪ್ಪಿದರೆ ಅದರ ಮುಂದಿನ ಭಾಗವೆಲ್ಲ ದಾರಿ ತಪ್ಪುತ್ತದೆ.

ಇದು ಎಷ್ಟು ಸೂಕ್ಷ್ಮವಾದ ವ್ಯವಸ್ಥೆ ನೋಡಿ. 8 ಜಿಬಿ ಮೆಮೊರಿಯಲ್ಲಿ 6,871 ಕೋಟಿಗೂ ಹೆಚ್ಚು ಪುಟ್ಟ ಕೋಶಗಳಿವೆ. ಒಂದೊಂದರಲ್ಲೂ ಕಿಂಚಿತ್ ವಿದ್ಯುತ್ ಇದ್ದರೆ 1, ಇಲ್ಲದಿದ್ದರೆ 0. ಈ ವಿದ್ಯುತ್ ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಇಡೀ ಹಲಗೆಯನ್ನು ಮತ್ತೆ ತಿದ್ದಿ ಬರೆಯಲಾಗುತ್ತದೆ. ಒಂದೇ ಒಂದು ಕೋಶ ದುರ್ಬಲವಾದರೂ ಸಾಕು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ 'ದ' ಅಕ್ಷರದ ಸಂಖ್ಯೆ 3238, 'ಧ' ಅಕ್ಷರದ್ದು 3239. ಇವೆರಡರ ನಡುವಿನ ವ್ಯತ್ಯಾಸ ಕೊನೆಯ ಒಂದು ಬಿಟ್ ಮಾತ್ರ. ಅದು 1ರಿಂದ 0ಗೆ ಜಾರಿದರೆ ನೀವು ಬರೆದಿಟ್ಟ 'ಧನ' ಸದ್ದಿಲ್ಲದೆ 'ದನ' ಆಗುತ್ತದೆ! ಅದೇ ಬಿಟ್ ವಿಂಡೋಸಿನ ಯಾವುದೋ ಆಯಕಟ್ಟಿನ ಆಜ್ಞೆಯಲ್ಲಿದ್ದರೆ ಕಂಪ್ಯೂಟರ್ ನಿಂತೇ ಹೋಗುತ್ತದೆ.

2003ರ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ಚುನಾವಣೆ ನಡೆಯಿತು. ಬ್ರಸೆಲ್ಸ್‌ನ ಶಾರ್‌ಬೇಕ್ ಎಂಬಲ್ಲಿ ಓರ್ವ ಅಭ್ಯರ್ಥಿಗೆ ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮರುಎಣಿಕೆ ಮಾಡಿದಾಗ ಹೆಚ್ಚುವರಿ ಮತಗಳು ಸರಿಯಾಗಿ 4096. ಒಂದು ಬಿಟ್ 0ಯಿಂದ 1ಕ್ಕೆ ಮಗುಚಿದರೆ ಆಗುವ ವ್ಯತ್ಯಾಸಗಳಲ್ಲಿ ಇದೂ ಒಂದು. ತಜ್ಞರು ಇದನ್ನೇ ಕಾರಣವೆಂದು ಭಾವಿಸಿದರು. ಬಾಹ್ಯಾಕಾಶದ ಕಿರಣ ತಾಗಿರಬಹುದೆಂಬ ಮಾತೂ ಕೇಳಿ ಬಂತು. ಆದರೆ ನಮ್ಮ ನಿಮ್ಮ ಮನೆಯಲ್ಲಿ ಆಕಾಶವನ್ನು ದೂರಬೇಕಾಗಿಲ್ಲ. ಗೂಗಲ್ ಸಂಸ್ಥೆಯ ಸರ್ವರುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಶೇ. 8ಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡು ಬಂದಿತ್ತು. ಅವುಗಳಲ್ಲಿ ಬಹುಪಾಲು ಪಟ್ಟಿಯದ್ದೇ ಶಾಶ್ವತ ದೋಷಗಳೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದರು. ಸರ್ವರುಗಳಲ್ಲಿ ತಪ್ಪನ್ನು ಹಿಡಿದು ತಿದ್ದುವ ವಿಶೇಷ ಮೆಮೊರಿ ಇರುತ್ತದೆ. ಮನೆಯ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ.

ಹಾಗೆಂದು ಆರಿ ಹೊತ್ತುವುದೆಲ್ಲ ಮೆಮೊರಿಯ ದೋಷವೆಂದಲ್ಲ. ಭಾರದ ಕೆಲಸ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ನಿಂತರೆ ಧೂಳು ಮತ್ತು ಬಿಸಿಯನ್ನು ಶಂಕಿಸಿ. ಫ್ರಿಜ್ ಅಥವಾ ಬಾವಿಯ ಪಂಪು ಚಾಲೂ ಆದಾಗಲೇ ನಿಂತರೆ ವಿದ್ಯುತ್ ಪೂರೈಕೆಯನ್ನು, ಪೆಟ್ಟಿಗೆಯೊಳಗಿನ ಪವರ್ ಸಪ್ಲೈಯನ್ನು ನೋಡಿ. ಮೆಮೊರಿ ಕೆಟ್ಟಾಗ ಹೊತ್ತು ಗೊತ್ತು ಇರುವುದಿಲ್ಲ. ನೀಲಿ ಪರದೆ ಬಂದರೂ ಪ್ರತಿ ಸಲ ಬೇರೆ ಬೇರೆ ಹೆಸರಿನ ದೋಷ ತೋರಿಸುತ್ತದೆ. ಸೇವ್ ಮಾಡಿದ ಫೈಲುಗಳು ಕೆಟ್ಟಿರುತ್ತವೆ. ಈ ಕೊನೆಯದು ಡಿಸ್ಕ್ ಹಾಳಾದಾಗಲೂ ಆಗಬಹುದು. ನೀಲಿ ಪರದೆಯನ್ನು ಓದಲು ಬಿಡದೆ ಕಂಪ್ಯೂಟರ್ ಮರುಚಾಲೂ ಆಗುತ್ತಿದ್ದರೆ, ವಿಂಡೋಸಿನ 'ಸ್ಟಾರ್ಟ್‌ಅಪ್ ಆ್ಯಂಡ್ ರಿಕವರಿ' ಎಂಬಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಗುರುತು ತೆಗೆಯಿರಿ. ಆಗ ಪರದೆ ನಿಲ್ಲುತ್ತದೆ, ಹೆಸರು ಬರೆದುಕೊಳ್ಳಬಹುದು. 'ಈವೆಂಟ್ ವ್ಯೂವರ್'ನಲ್ಲಿ ಕಾಣುವ 'ಕರ್ನಲ್ ಪವರ್ 41' ಎಂಬ ದಾಖಲೆಯನ್ನು ನೋಡಿ ಗಾಬರಿಯಾಗಬೇಡಿ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತಿತೆಂದು ಮಾತ್ರ ಅದರರ್ಥ, ಏಕೆ ನಿಂತಿತೆಂದು ಅದು ಹೇಳುವುದಿಲ್ಲ.

ಮೆಮೊರಿ ಪರೀಕ್ಷೆಗೆ ಖರ್ಚಿಲ್ಲ. ವಿಂಡೋಸಿನಲ್ಲೇ 'ಮೆಮೊರಿ ಡಯಾಗ್ನಾಸ್ಟಿಕ್' ಇದೆ. ಅದು ಓಡತೊಡಗಿದಾಗ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿಕೊಳ್ಳಿ. ನನ್ನ ಕಂಪ್ಯೂಟರಿನಲ್ಲಿ ಅದರ ಮಾಮೂಲಿ ಪರೀಕ್ಷೆ ಏನೂ ದೋಷವಿಲ್ಲವೆಂದು ಹೇಳಿತ್ತು. 'ಮೆಮ್‌ಟೆಸ್ಟ್86 ಪ್ಲಸ್' ಎಂಬ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿ, ಅದರಿಂದಲೇ ಚಾಲೂ ಮಾಡಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಎದ್ದಾಗ ಪರದೆಯಲ್ಲಿ ಕೆಂಪು ಸಾಲುಗಳು ತುಂಬಿದ್ದವು. ಇದರಲ್ಲಿ ಒಂದು ತಪ್ಪು ಬಂದರೂ ಅಲಕ್ಷಿಸಬಾರದು.

ಆದರೆ ತಪ್ಪು ಬಂದ ಕೂಡಲೇ ಅಂಗಡಿಗೆ ಓಡಬೇಕಿಲ್ಲ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು ಪಟ್ಟಿಗಳನ್ನು ಕಳಚಿರಿ. ಕರಾವಳಿಯ ತೇವದಲ್ಲಿ ಅವುಗಳ ಚಿನ್ನದ ಬಣ್ಣದ ಅಂಚಿನಲ್ಲಿ ಕಿಲುಬು ಕೂರುವುದುಂಟು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿದರೆ ಕೆಲವೊಮ್ಮೆ ಅಷ್ಟರಲ್ಲೇ ಮುಗಿಯುತ್ತದೆ. ನನ್ನದು ಮುಗಿಯಲಿಲ್ಲ. ಅನಂತರ ಒಂದೊಂದೇ ಪಟ್ಟಿಯನ್ನು ಒಂದೇ ಜಾಗದಲ್ಲಿಟ್ಟು ಪರೀಕ್ಷಿಸಿದೆ. 2016ರ ಮೂಲ ಪಟ್ಟಿ ನಿರ್ದೋಷಿ. 2019ರಲ್ಲಿ ವೇಗ ಹೆಚ್ಚಲೆಂದು ನಾನೇ ಆಸೆಪಟ್ಟು ಹಾಕಿಸಿದ ಎರಡನೆಯದೇ ಅಪರಾಧಿ. ಎರಡೂ ಪಟ್ಟಿಗಳು ಒಂದು ಜಾಗದಲ್ಲಿ ಮಾತ್ರ ತಪ್ಪು ತೋರಿಸಿದ್ದರೆ ಮದರ್‌ಬೋರ್ಡನ್ನು ಶಂಕಿಸಬೇಕಿತ್ತು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದೇ ತಿಳಿಯುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಕಂಪ್ಯೂಟರುಗಳಿಗೆ ಹೊಸ ವ್ಯವಸ್ಥೆ ಹಾಕಿಸುವ ಮನೆಗಳು ಅನೇಕ. ಹಾಕಿಸುವ ಮುನ್ನ ಒಂದು ರಾತ್ರಿ ಈ ಪರೀಕ್ಷೆ ನಡೆಸಿ. ಮೆಮೊರಿಯ ಮೇಲೆ ಸಂಶಯವಿರುವಾಗ ಆ ಕಂಪ್ಯೂಟರಿನಿಂದ ನಕಲು ಮಾಡಬೇಡಿ, ಡಿಸ್ಕ್ ದುರಸ್ತಿಯ ತಂತ್ರಾಂಶ ಓಡಿಸಬೇಡಿ, ವಿಂಡೋಸ್ ಹಾಕಬೇಡಿ. ಡಿಸ್ಕನ್ನು ಕಳಚಿ ಯುಎಸ್‌ಬಿ ಕವಚದೊಳಗಿಟ್ಟು ಆರೋಗ್ಯವಂತ ಕಂಪ್ಯೂಟರಿಗೆ ಜೋಡಿಸಿ ನಕಲು ತೆಗೆಯಿರಿ, ಕೆಲವನ್ನಾದರೂ ತೆರೆದು ನೋಡಿ. ಅಲ್ಲಿಯವರೆಗೆ ಮೂಲವನ್ನು ಅಳಿಸಲೇಬೇಡಿ.

ಕೆಟ್ಟ ಪಟ್ಟಿಯನ್ನು ಕಿತ್ತ ಮೇಲೆ ನಮ್ಮ ಕಂಪ್ಯೂಟರ್ ನಿಧಾನವಾಯಿತು, ಆದರೆ ಆರಲಿಲ್ಲ. ಮಗಳು ಅದರಲ್ಲೇ ಪ್ರಾಜೆಕ್ಟ್ ಮುಗಿಸಿದಳು. ಕೆಟ್ಟ ಫೋಟೋಗಳ ಪೈಕಿ ಹೆಚ್ಚಿನವು ದುಬೈಯಲ್ಲಿರುವ ತಮ್ಮನ ಹಳೆಯ ಫೋನಿನಲ್ಲಿ ಸಿಕ್ಕಿದವು. ಮೂರು ಸಿಗಲಿಲ್ಲ. ಅವುಗಳಲ್ಲೊಂದು, ತಂದೆಯವರು ಮಾಡಿನಡಿಯಲ್ಲಿ ಕುಳಿತು ಮೊಮ್ಮಗಳಿಗೆ ಅಡಿಕೆ ಸುಲಿಯುವುದನ್ನು ತೋರಿಸುತ್ತಿರುವ ಚಿತ್ರ. ಅದರಲ್ಲಿ ಅವರ ಮುಖವಿದೆ, ಕೈಗಳಿಲ್ಲ.