ಹಳೆ ಸಿಪಾಯಿ ಗೊಂಬೆಗೆ ಬಣ್ಣ ಹಚ್ಚೋ ಮುಂಚೆ ಇಷ್ಟು ತಿಳ್ಕೊಳ್ಳಿ: ಸೀಸ, ಮಳೆಗಾಲ ಮತ್ತು ಟಿಪ್ಪು ಸೈನ್ಯದ ಹುಲಿಪಟ್ಟೆ

ಕುಂದೂರು (ಆಲೂರು ತಾ.): ನವರಾತ್ರಿ ಹತ್ತಿರ ಬಂತು ಅಂದ್ರೆ ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಕೆಳಗಿಳಿಯುತ್ತದೆ. ಪಟ್ಟದ ರಾಜ-ರಾಣಿ, ಶೆಟ್ಟರ ಅಂಗಡಿ, ಮದುವೆ ದಿಬ್ಬಣದ ಜೊತೆಗೆ ಕೆಲವು ಮನೆಗಳಲ್ಲಿ ಬೆರಳುದ್ದದ ಲೋಹದ ಸಿಪಾಯಿಗಳೂ ಸಿಗುತ್ತವೆ. ಬಣ್ಣ ಉದುರಿರುತ್ತದೆ, ಬಂದೂಕು ಮುರಿದಿರುತ್ತದೆ. ಆಗ ಮನೆಯವರು ಮಾಡುವುದು ಎರಡೇ ಕೆಲಸ. ಒಂದೋ ಗುಜರಿಗೆ ಹಾಕ್ತಾರೆ, ಇಲ್ಲಾಂದ್ರೆ ಮರಳು ಕಾಗದದಲ್ಲಿ ಉಜ್ಜಿ ಗೇಟಿಗೆ ಹೊಡೆದು ಉಳಿದ ಬಣ್ಣ ಬಳೀತಾರೆ. ಎರಡೂ ಬೇಡ. ಮೊದಲನೆಯದರಲ್ಲಿ ದುಡ್ಡು ಹೋಗಬಹುದು, ಎರಡನೆಯದರಲ್ಲಿ ಮಕ್ಕಳ ಆರೋಗ್ಯ ಕೆಡಬಹುದು.

ಯಾರಿಗೆ ಬೇಕು ಈ ಸಿಪಾಯಿಗಳು?

ಇತಿಹಾಸದ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಒಂದು ಹವ್ಯಾಸವಿದೆ. ಚದುರಂಗದ ದೊಡ್ಡಣ್ಣ ಅಂದುಕೊಳ್ಳಿ. ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆಗಳ ಮಾದರಿ ಇಟ್ಟು, ಬಣ್ಣ ಹಚ್ಚಿದ ಸಣ್ಣ ಸೈನಿಕರನ್ನು ಅಳತೆಪಟ್ಟಿ ಹಿಡಿದು ನಡೆಸುತ್ತಾರೆ. ಗುಂಡು ತಾಗಿತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತದೆ. ಒಂದು ಗೊಂಬೆ ಇಪ್ಪತ್ತು, ಮೂವತ್ತು ಸೈನಿಕರ ಲೆಕ್ಕಕ್ಕೆ ನಿಲ್ಲುವುದೂ ಉಂಟು.

1824ರಲ್ಲಿ ಪ್ರಷ್ಯಾದ ಸೈನ್ಯ ಇಂಥ ಆಟವನ್ನು ಅಧಿಕಾರಿಗಳ ತರಬೇತಿಗೆ ತೆಗೆದುಕೊಂಡಿತು. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ನಿಯಮ ಪುಸ್ತಕ ಬರೆದ ಮೇಲೆ ಇದು ಮನೆಯಲ್ಲಿ ಕೂತು ಆಡುವ ಆಟವಾಯಿತು. ವೆಲ್ಸ್ ಬಳಸಿದ್ದು ಬ್ರಿಟನ್ಸ್ ಕಂಪನಿಯ ಸಿಪಾಯಿಗಳನ್ನು. ಆ ಕಂಪನಿ 1893ರಿಂದ ಒಳಗೆ ಟೊಳ್ಳಾದ ಸೀಸದ ಗೊಂಬೆ ಎರಕ ಹೊಯ್ದು ಅಗ್ಗವಾಗಿ ಮಾರುತ್ತಿತ್ತು. ಎತ್ತರ ಸುಮಾರು 54 ಮಿ.ಮೀ. 1966ರಲ್ಲಿ ಅದು ಸೀಸದ ಗೊಂಬೆ ತಯಾರಿಕೆ ನಿಲ್ಲಿಸಿತು. ಹಾಗಾಗಿ ಆ ಮುಂಚಿನ ಸಿಪಾಯಿಗಳಿಗೆ ಸಂಗ್ರಹಕಾರರಲ್ಲಿ ಬೇಡಿಕೆ ಇದೆ.

ಮೊದಲು ಯಾವ ಗೊಂಬೆ ಅಂತ ಗುರುತಿಸಿ

ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಮೀರಿದ ಭಾರ ಅನ್ನಿಸಿದರೆ ಅದು ಸೀಸ ಅಥವಾ ಸೀಸ ಬೆರೆತ ಲೋಹ ಇರಬಹುದು. ಅಯಸ್ಕಾಂತ ಅಂಟುವುದಿಲ್ಲ. ಬಣ್ಣ ಹೋದ ಜಾಗವನ್ನು ಬಿಳಿ ಕಾಗದದ ಮೇಲೆ ಎಳೆದರೆ ಪೆನ್ಸಿಲಿನಂತೆ ಬೂದು ಗೆರೆ ಬೀಳುತ್ತದೆ. ಪಾದದ ಪೀಠದ ಅಡಿಯಲ್ಲಿ ಕಂಪನಿ ಹೆಸರೋ ವರ್ಷವೋ ಇದೆಯಾ ನೋಡಿ. ಹೆಸರಿದ್ದರೆ ಅದನ್ನು ಬಣ್ಣದಿಂದ ಮುಚ್ಚಬೇಡಿ.

ಹಗುರವಾಗಿ, ಮರದ ಗೆರೆ ಕಂಡರೆ ಚನ್ನಪಟ್ಟಣದ ಕಡೆಯ ಅರಗಿನ ಬಣ್ಣದ ಗೊಂಬೆಯೋ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯೋ ಇರಬಹುದು. ಮಣ್ಣು ಅಥವಾ ಕಾಗದದ ರದ್ದಿನ ಗೊಂಬೆಯಾದರೆ ನೀರು ಮುಟ್ಟಿಸಲೇಬೇಡಿ, ಕರಗಿ ಹೋಗುತ್ತೆ. ಒಣ ಕುಂಚದಲ್ಲಿ ಧೂಳು ಕೊಡವಿದರೆ ಸಾಕು.

ಹಳೆ ಬಣ್ಣ ಇದ್ದರೆ ಹಾಗೇ ಇರಲಿ

ಸಂಗ್ರಹಕಾರರು ಮೊದಲು ನೋಡುವುದು ಮೂಲ ಬಣ್ಣವನ್ನು. ಮಾಸಿದ್ದರೂ ಪರವಾಗಿಲ್ಲ, ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣವೇ ಇರಬೇಕು. ಅದರ ಮೇಲೆ ಹೊಸದಾಗಿ ಮೆರುಗು ಬಣ್ಣ ಬಳಿದರೆ ಗೊಂಬೆ ಚಂದ ಕಾಣಬಹುದು, ಬೆಲೆ ಮಾತ್ರ ಇಳಿಯುತ್ತದೆ. ಮೂಲ ಪೆಟ್ಟಿಗೆ ಸಿಕ್ಕಿದರೆ ಅದನ್ನೂ ಎಸೆಯಬೇಡಿ.

ಹಾಗಾದರೆ ಯಾವುದಕ್ಕೆ ಬಣ್ಣ ಹಚ್ಚಬಹುದು? ಬಣ್ಣ ಬಹುತೇಕ ಉದುರಿದ, ಕೈಕಾಲು ಮುರಿದ, ಹಿಂದೆ ಯಾರೋ ಒಮ್ಮೆ ಬಳಿದು ಕೆಡಿಸಿದ ಗೊಂಬೆಗಳಿಗೆ. ಆಟಕ್ಕಾಗಿ ಸೈನ್ಯ ಕಟ್ಟುವವರು ಹುಡುಕುವುದೂ ಇಂಥವನ್ನೇ.

ಸೀಸದ ವಿಷಯದಲ್ಲಿ ಹುಡುಗಾಟ ಬೇಡ

ಸೀಸಕ್ಕೆ ಸುರಕ್ಷಿತ ಮಿತಿ ಅಂತ ಗೊತ್ತಿರುವುದು ಯಾವುದೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಣ್ಣ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದರಿಂದ ಪೆಟ್ಟು. ಹಳೆ ಗೊಂಬೆಯಲ್ಲಿ ಲೋಹದಲ್ಲಷ್ಟೇ ಅಲ್ಲ, ಬಣ್ಣದಲ್ಲೂ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಲ್ಲಿ. ಅಂಗಡಿಯ ಮೂಲೆಯಲ್ಲಿ ಅದಕ್ಕಿಂತ ಹಳೆ ಡಬ್ಬಿ ಉಳಿದಿದ್ದರೆ ಬಣ್ಣದ ವ್ಯಾಪಾರಿಗಳು ಅದನ್ನು ಆಟಿಕೆಗೆ, ತೊಟ್ಟಿಲಿಗೆ ಅಂತ ಕೇಳಿದವರಿಗೆ ಕೊಡಬಾರದು.

ಗೊಂಬೆಯನ್ನು ಕಪಾಟಿನಲ್ಲಿಟ್ಟು ನೋಡಿದರೆ ಭಯವಿಲ್ಲ. ಅಪಾಯ ಇರುವುದು ಉಜ್ಜಿದಾಗ ಏಳುವ ಧೂಳಿನಲ್ಲಿ, ಮಗು ಬಾಯಿಗಿಟ್ಟುಕೊಂಡಾಗ. ಆದ್ದರಿಂದ ಮರಳು ಕಾಗದ, ಅರ ಎರಡೂ ಒಣಗೊಂಬೆಗೆ ಬೇಡ. ಅಡುಗೆಮನೆ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಹಳೆ ಪೇಪರ್ ಹಾಸಿ, ಕೈಗವಸು ಹಾಕಿ, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ಹಚ್ಚಿ ಕೈ ತೊಳೆಯಿರಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಗುಜರಿ ಅಂಗಡಿಯವರಿಗೂ ಒಂದು ಮಾತು: ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸೌದೆ ಒಲೆಯೇ ಸಾಕು ಅಂತ ಹಿತ್ತಲಲ್ಲಿ ಕರಗಿಸಬೇಡಿ. ಅದರ ಹೊಗೆ, ಧೂಳು ಮನೆಯವರ ಮೈ ಸೇರುತ್ತದೆ.

ಬಣ್ಣ ಹಚ್ಚುವ ಕ್ರಮ

ಸೋಪಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಜಿಡ್ಡು ತೆಗೆದು ಗೊಂಬೆಯನ್ನು ಪೂರ್ತಿ ಒಣಗಿಸಿ. ಬಣ್ಣ ನಿಲ್ಲಬೇಕಾದರೆ ಮೊದಲು ಪ್ರೈಮರ್ ಬೇಕು. ಲೋಹಕ್ಕೆ ಹಾಕುವ ಬೂದು ಸ್ಪ್ರೇ ಪ್ರೈಮರನ್ನು ಒಂದು ಗೇಣು ದೂರದಿಂದ ತೆಳ್ಳಗೆ ಹೊಡೆದರೆ ಸಾಕು.

ನಂತರ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ. ಡಬ್ಬಿಯಿಂದ ನೇರ ಹಚ್ಚಿದರೆ ಮುಖದ ಮೂಗು, ಕೋಟಿನ ಗುಂಡಿ ಎಲ್ಲ ಮುಚ್ಚಿಹೋಗುತ್ತವೆ. ನೀರು ಮಜ್ಜಿಗೆಯ ಹದಕ್ಕೆ ತಂದು ತೆಳ್ಳಗೆ ಎರಡು ಸಲ ಹಚ್ಚಿ. ಒಳಗಿನಿಂದ ಹೊರಗೆ ಬನ್ನಿ: ಮೊದಲು ಮುಖ, ಕೈ, ಆಮೇಲೆ ಅಂಗಿ, ಕೊನೆಗೆ ಪಟ್ಟಿ, ಬಂದೂಕು.

ಬಣ್ಣ ಒಣಗಿದ ಮೇಲೆ ತುಂಬ ನೀರಾದ ಕಡುಕಂದು ಬಣ್ಣ ಬಳಿದರೆ ಅದು ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದ ತಿಳಿಬಣ್ಣವನ್ನು ಉಬ್ಬುಗಳ ಮೇಲೆ ಸವರಿದರೆ ಬೆಳಕು ಬಿದ್ದ ಹಾಗೆ ಕಾಣುತ್ತದೆ. ಒಂದಿಂಚಿನ ಗೊಂಬೆಗೆ ಕಣ್ಣು ಬರೆಯಲು ಹೋಗಬೇಡಿ, ಹುಬ್ಬಿನ ಕೆಳಗೆ ನೆರಳು ಇದ್ದರೆ ಸಾಕು. ಕೊನೆಗೆ ವಾರ್ನಿಷ್. ಅದು ಬಣ್ಣವನ್ನೂ ಕಾಯುತ್ತದೆ, ಸೀಸ ಕೈಗೆ ತಾಗದಂತೆ ಮುಚ್ಚುತ್ತದೆ. ಹಾಗಂತ ವಾರ್ನಿಷ್ ಹಾಕಿದ್ದನ್ನು ಮಗುವಿನ ಕೈಗೆ ಕೊಡಬಹುದು ಅಂದುಕೊಳ್ಳಬೇಡಿ.

ನಮ್ಮ ಮಳೆಗಾಲದ ಕಾಟ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಆಲೂರು ಕಡೆ ಗಾಳಿಯಲ್ಲೇ ನೀರು. ಆಗ ಸ್ಪ್ರೇ ವಾರ್ನಿಷ್ ಹೊಡೆದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ವಾರಗಟ್ಟಲೆ ಮಾಡಿದ ಕೆಲಸ ಹಾಳು. ಬಿಸಿಲು ಬಿದ್ದ ದಿನಕ್ಕೆ ಕಾಯಿರಿ, ಇಲ್ಲವೇ ಕುಂಚದಲ್ಲಿ ಹಚ್ಚಿ.

ಸೀಸಕ್ಕೆ ಇನ್ನೊಂದು ಶತ್ರು ಮರದ ಪೆಟ್ಟಿಗೆ. ಮರ, ಪ್ಲೈವುಡ್, ರಟ್ಟಿನಿಂದ ಹುಳಿ ಆವಿ ಹೊರಡುತ್ತದೆ. ಅದರ ಜೊತೆ ತೇವ ಸೇರಿದರೆ ಗೊಂಬೆಯ ಮೇಲೆ ಬಿಳಿ ಪುಡಿ ಏಳುತ್ತದೆ, ಒಳಗಿನಿಂದ ತಿಂದುಹಾಕುತ್ತದೆ. ಆ ಪುಡಿಯೂ ವಿಷವೇ, ಊದಬೇಡಿ. ಗಾಳಿಯಾಡುವ ಗಾಜಿನ ಅಥವಾ ಸ್ಟೀಲ್ ಕಪಾಟು ಒಳ್ಳೆಯದು. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಅಲ್ಲಿಡಿ. ಪೀಠಕ್ಕೆ ಮಣ್ಣಿನ ನೋಟ ಬರಲಿ ಅಂತ ಕಾಫಿ ಗಸಿ ಅಂಟಿಸುವವರಿದ್ದಾರೆ. ನಮ್ಮ ಹವೆಗೆ ಅದು ಬೂಷ್ಟು ಹಿಡಿಯುತ್ತೆ; ಜರಡಿ ಹಿಡಿದ ಮರಳು ವಾಸಿ.

ಯಾವ ಸೈನ್ಯ ಕಟ್ಟೋದು?

ನಮ್ಮೂರಿನ ಹತ್ತಿರವೇ ಉತ್ತರ ಇದೆ. ದೋಣಿಗಾಲ್ ಬಳಿಯ ಮಂಜರಾಬಾದ್ ಕೋಟೆ ಟಿಪ್ಪು ಸುಲ್ತಾನ್ ಕಾಲದ್ದು, 1792ರಲ್ಲಿ ಮುಗಿಯಿತು, ಎಂಟು ಮೂಲೆಯ ನಕ್ಷತ್ರದ ಆಕಾರ. ಯಾವ ಗೋಡೆಯ ಬುಡಕ್ಕೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಲು ಆಗಲಿ ಅಂತ ಆ ವಿನ್ಯಾಸ. ಮೇಜಿನ ಯುದ್ಧಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಬೇಕೆ? 1802ರಲ್ಲಿ ಬಲಂ ಪಾಳೆಗಾರನ ಮೇಲೆ ಆರ್ಥರ್ ವೆಲ್ಲೆಸ್ಲಿ ಸೈನ್ಯ ತಂದಿದ್ದೂ ಇದೇ ಕಾಡಿನ ಸೀಮೆಗೆ.

ಟಿಪ್ಪು ಸೈನ್ಯದ ಗುರುತು ಹುಲಿಪಟ್ಟೆಯ ಅಂಗಿ ಮತ್ತು ಕಬ್ಬಿಣದ ಕೊಳವೆಯ ರಾಕೆಟ್. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದವು. ಪಟ್ಟೆ ಬರೆಯುವಾಗ ಉದ್ದ ಗೆರೆ ಎಳೆಯಬೇಡಿ, ನಡುವೆ ದಪ್ಪ, ತುದಿ ಚೂಪಾದ ಸಣ್ಣ ಗೆರೆಗಳನ್ನು ಬರೆಯಿರಿ.

ಬಣ್ಣಕ್ಕೆ ಮಾದರಿ ಬೇಕಾದವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಬನ್ನಿ. 1784ರ ಆ ಅರಮನೆಯ ಪಶ್ಚಿಮ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ: ಆನೆ, ಕುದುರೆ, ಸಿಡಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ. ಆದರೆ ಆ ಚಿತ್ರಕ್ಕೂ ಬ್ರಿಟಿಷರ ಕಾಲದಲ್ಲಿ ಮರುಬಣ್ಣ ಆಗಿದೆ. ಹಾಗಾಗಿ ಅಲ್ಲಿ ಕಾಣುವ ಪ್ರತಿ ಬಣ್ಣವೂ ಟಿಪ್ಪು ಕಾಲದ್ದೇ ಅಂತ ಹೇಳಲಾಗದು. ಮೂಲದ ಮೇಲೆ ಹೊಸದು ಹಚ್ಚಿದರೆ ಕಳೆದುಕೊಳ್ಳೋದು ಏನು ಅಂತ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಆದ್ದರಿಂದ ಪೆಟ್ಟಿಗೆಯಲ್ಲಿ ಹಳೆ ಸಿಪಾಯಿ ಸಿಕ್ಕಿದರೆ ಮೊದಲು ಮುಂದೆ, ಹಿಂದೆ, ಅಡಿಯಿಂದ ಮೂರು ಫೋಟೋ ತೆಗೆದಿಟ್ಟುಕೊಳ್ಳಿ. ತೂಕದ ಲೆಕ್ಕದಲ್ಲಿ ಮಾರಬೇಡಿ. ಗೊಂಬೆ ಕೂರಿಸುವಾಗ ಲೋಹದ ಸಿಪಾಯಿಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಿ, ಮಕ್ಕಳ ಕೈಗೆ ಸಿಗುವ ಕೆಳಗಿನ ಮೆಟ್ಟಿಲಿಗೆ ಮರದ ಗೊಂಬೆ ಇಡಿ.